ಹೊಟ್ಟೆಗೆ ಬಾಟಿಕ್, ಮನಸ್ಸಿಗೆ ಚಿತ್ರ



ಊರಿನಿಂದ ನೆಂಟರು ಬಂದರೆ ನಾವು ತೋರಿಸುವುದೇನು? ಮೆರೀನಾ, ಕಪಾಲೀಶ್ವರನ ಗುಡಿ, ಟಿ. ನಗರದ ಸೀರೆ ಅಂಗಡಿ, ಕೊನೆಗೆ ಮಹಾಬಲಿಪುರ. ಆ ಮಹಾಬಲಿಪುರದ ದಾರಿಯಲ್ಲೇ ಇಂಜಂಬಾಕ್ಕಂನಲ್ಲಿ ಚೋಳಮಂಡಲ ಕಲಾವಿದರ ಗ್ರಾಮವಿದೆ. ಎಷ್ಟು ಸಲ ಅದನ್ನು ದಾಟಿ ಹೋಗಿದ್ದೇವೋ! ಮುಂದಿನ ಸಲ ಅಲ್ಲಿ ಇಳಿಯಿರಿ.

ಮದ್ರಾಸಿನ ಸರ್ಕಾರಿ ಕಲಾಶಾಲೆಯ ಪ್ರಾಂಶುಪಾಲರಾಗಿದ್ದ ಕೆ.ಸಿ.ಎಸ್. ಪಣಿಕ್ಕರ್ ಅವರಿಗೆ ಒಂದು ಚಿಂತೆಯಿತ್ತು. ಚೆನ್ನಾಗಿ ಕಲಿತ ಹುಡುಗರು ಹೊರಗೆ ಹೋದ ಮೇಲೆ ಹೊಟ್ಟೆಪಾಡಿಗಾಗಿ ಕುಂಚ ಬಿಟ್ಟುಬಿಡುತ್ತಿದ್ದರು. ಗುರುಶಿಷ್ಯರು ಸೇರಿ ದಾರಿ ಹುಡುಕಿದರು. ಬಾಟಿಕ್ ಬಟ್ಟೆ, ಚರ್ಮದ ಕೆಲಸ ಮುಂತಾದ ಕರಕುಶಲ ವಸ್ತುಗಳನ್ನು ಮಾಡಿ ಮಾರಿ, ಬಂದ ಹಣದಲ್ಲಿ 1966ರಲ್ಲಿ ಕಡಲ ತೀರದ ಆ ಮರಳು ನೆಲ ಕೊಂಡರು. ಮೊದಲು ಗುಡಿಸಲು, ಆಮೇಲೆ ಮನೆ.

ಹಾಗೆ ನೆಲೆ ನಿಂತವರಲ್ಲಿ ನಮ್ಮ ಮೈಸೂರಿನ ಎಸ್.ಜಿ. ವಾಸುದೇವ್ ಒಬ್ಬರು. ಎರಡು ದಶಕ ಅಲ್ಲಿದ್ದು ನಂತರ ಬೆಂಗಳೂರಿಗೆ ಹೋದರು. ಕನ್ನಡದ 'ಸಂಸ್ಕಾರ' (1970) ಚಿತ್ರದ ಕಲಾ ನಿರ್ದೇಶನ ಅವರದೇ. ಅವರ 'ವೃಕ್ಷ' ಚಿತ್ರಮಾಲೆಯೂ ತಾಮ್ರದ ಉಬ್ಬುಚಿತ್ರಗಳೂ ಹೆಸರಾದವು.

ಸರಳ ಜೀವನವೆಂದರೆ ಬಡತನವನ್ನು ಹೊಗಳುವುದಲ್ಲ. 'ನನಗೆ ಎಷ್ಟು ಸಾಕು?' ಎಂದು ಲೆಕ್ಕ ಹಾಕಿಕೊಳ್ಳುವುದು. ಅವರು ಹಾಕಿದ್ದು ಅದೇ ಲೆಕ್ಕ. ಅನ್ನವನ್ನು ಬಾಟಿಕ್ ನೋಡಿಕೊಂಡಿತು. ಆದ್ದರಿಂದ ಚಿತ್ರ ಯಾವ ಗಿರಾಕಿಯ ಮುಖವನ್ನೂ ನೋಡಬೇಕಾಗಲಿಲ್ಲ. ಒಂದೇ ಬೇಲಿಯೊಳಗಿದ್ದರೂ ಒಬ್ಬರ ಚಿತ್ರದಂತೆ ಇನ್ನೊಬ್ಬರದಿಲ್ಲ. 2009ರಲ್ಲಿ ತೆರೆದ ಅಲ್ಲಿನ ಸಂಗ್ರಹಾಲಯದಲ್ಲಿ ಇದನ್ನು ನೀವೇ ನೋಡಬಹುದು.

ಇದನ್ನು ಬರೆಯುವ ನಾನೇನೂ ಸಾಚಾ ಅಲ್ಲ. ಮಗ ಹತ್ತನೇ ತರಗತಿಗೆ ಬಂದಾಗ ಅವನ ಬಣ್ಣದ ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿದವನು ನಾನೇ. "ಮೊದಲು ಓದು, ಆಮೇಲೆ ಇದೆಲ್ಲ" ಎಂದಿದ್ದೆ. ಓದಿದ, ಒಳ್ಳೆಯ ಕೆಲಸವೂ ಸಿಕ್ಕಿತು. ಹೋದ ಸಲ ರಜೆಗೆ ಬಂದಾಗ "ಅಪ್ಪಾ, ಆ ಪೆಟ್ಟಿಗೆ ಎಲ್ಲಿ?" ಎಂದು ಕೇಳಿದ. ಇಳಿಸಿ ನೋಡಿದರೆ ಬಣ್ಣಗಳೆಲ್ಲ ಒಣಗಿ ಕಲ್ಲಾಗಿದ್ದವು. ಅವನು ಏನೂ ಅನ್ನಲಿಲ್ಲ. ಅನ್ನದಿದ್ದುದೇ ನನಗೆ ಹೆಚ್ಚು ನಾಟಿತು.

ಓದು ಬೇಡವೆಂದು ನಾನು ಹೇಳುತ್ತಿಲ್ಲ. ಪಣಿಕ್ಕರ್ ಕೂಡ ಹೊಟ್ಟೆಯನ್ನು ಮರೆಯಲಿಲ್ಲ. ಆದರೆ ಎರಡನ್ನೂ ಜೊತೆಯಲ್ಲಿ ಇಟ್ಟರು. ನಿಮ್ಮ ಮನೆಯ ಅಟ್ಟದಲ್ಲೂ ಒಂದು ಪೆಟ್ಟಿಗೆಯೋ, ವೀಣೆಯೋ ಇದ್ದೀತು. ಈ ಭಾನುವಾರ ಇಳಿಸಿ, ಧೂಳು ಒರೆಸಿ. ಮಕ್ಕಳದ್ದಾದರೂ ಸರಿ, ನಿಮ್ಮದಾದರೂ ಸರಿ.