ಮಡಚಿ ಹೊಲಿಸ್ಕೊಳ್ರಿ ಅನ್ನುವವರಿಗೆ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು – ಈ ನಾಲ್ಕೂ ಊರಿನ ಬಟ್ಟೆ ಅಂಗಡಿಗಳಲ್ಲಿ ನಾನು ಒಂದೇ ಮಾತು ಕೇಳುತ್ತ ಬಂದಿದ್ದೇನೆ. ‘ಉದ್ದ ಆದ್ರ ಏನಾತ್ರಿ ಅಕ್ಕಾರ, ಮಡಚಿ ಹೊಲಿಸ್ಕೊಳ್ರಿ.’ ಸವಣೂರು ನನ್ನ ತವರು, ನೌಕರಿ ಶಿಗ್ಗಾಂವಿಯ ಶಾಲೆಯಲ್ಲಿ, ಹಾನಗಲ್ಲ ಗಂಡನ ಮನೆ, ತಂಗಿಯನ್ನು ಕೊಟ್ಟದ್ದು ಹಿರೇಕೆರೂರಿಗೆ. ಹೀಗಾಗಿ ನಾಲ್ಕೂ ಪೇಟೆಗಳು ನನಗೆ ಚೆನ್ನಾಗಿ ಗೊತ್ತು. ನನ್ನ ಎತ್ತರ ನಾಲ್ಕು ಅಡಿ ಹನ್ನೊಂದು ಇಂಚು. ಅಂಗಡಿಯ ಹುಡುಗ ನನ್ನನ್ನು ಮೇಲಿಂದ ಕೆಳಗೆ ನೋಡಿ, ಮಕ್ಕಳ ಬಟ್ಟೆಯ ಕಡೆಗೆ ಕೈ ತೋರಿಸಿದ್ದೂ ಉಂಟು. ಐವತ್ತು ದಾಟಿದ ಹೆಂಗಸು ನಾನು. ಗೊಂಬೆಯ ಚಿತ್ರವಿರುವ ಅಂಗಿ ತೊಟ್ಟು ಶಾಲೆಗೆ ಹೋದರೆ ಎರಡನೆಯ ಇಯತ್ತೆಯ ಮಕ್ಕಳು ತಮ್ಮ ಪಕ್ಕದಲ್ಲೇ ಕೂಡಿಸಿಕೊಂಡಾರು!

ನಗುವ ಮಾತೇನೋ ಹೌದು. ಆದರೆ ಈ ‘ಮಡಚಿ ಹೊಲಿಸ್ಕೊಳ್ರಿ’ ಎಂಬ ಉಪದೇಶದ ಒಳಗೆ ಇನ್ನೊಂದು ಮಾತಿದೆ. ಅಂಗಿ ಸರಿಯಾಗಿದೆ, ನಿಮ್ಮ ಮೈ ಸರಿಯಿಲ್ಲ ಎಂಬುದು. ನನ್ನ ಜಗಳ ಇರುವುದು ಆ ಮಾತಿನ ಮೇಲೆ.

ಲೆಕ್ಕ ನೋಡೋಣ. ಭಾರತದ ಹೆಂಗಸಿನ ಸರಾಸರಿ ಎತ್ತರ ಸುಮಾರು 152 ಸೆಂಟಿಮೀಟರು. ಅಂದರೆ ಐದು ಅಡಿ. ಅತ್ತ ಅಮೆರಿಕದ ಬಟ್ಟೆ ವ್ಯಾಪಾರದಲ್ಲಿ ಐದು ಅಡಿ ನಾಲ್ಕು ಇಂಚಿಗಿಂತ ಗಿಡ್ಡ ಇರುವ ಹೆಂಗಸರಿಗೆಂದೇ ‘ಪೆಟೀಟ್’ ಎಂಬ ಬೇರೆ ಅಳತೆ ಇದೆ. 1940ರ ದಶಕದಲ್ಲಿ ಹ್ಯಾನಾ ಟ್ರಾಯ್ ಎಂಬ ವಿನ್ಯಾಸಗಾರ್ತಿ ಅದನ್ನು ಬಳಕೆಗೆ ತಂದವರಲ್ಲಿ ಮುಖ್ಯಳು. ಆ ಲೆಕ್ಕದಲ್ಲಿ ನಮ್ಮ ದೇಶದ ಬಹುಪಾಲು ಹೆಂಗಸರು ಪೆಟೀಟ್ ಆಗಬೇಕು. ಎತ್ತರದವರ ನಾಡಿನಲ್ಲಿ ಗಿಡ್ಡ ಹೆಂಗಸರಿಗೆ ಬೇರೆ ಕಪಾಟು ಇದೆ. ನಾವೇ ಹೆಚ್ಚಾಗಿರುವ ನಮ್ಮ ನಾಡಿನಲ್ಲಿ ನಮ್ಮ ಅಳತೆ ಕೇಳಿದರೆ ‘ಅಂಥಾ ಸೈಜು ಬರೂದಿಲ್ರಿ’ ಎಂಬ ಉತ್ತರ. ಸಂತೆಗೆ ಬಂದ ಹತ್ತು ಮಂದಿಯಲ್ಲಿ ಆರೇಳು ಮಂದಿಗೆ ಆಗದ ಅಂಗಿಯನ್ನು ಸಾಮಾನ್ಯ ಅಂಗಿ ಎಂದು ಹೇಗೆ ಕರೆಯುವುದು?

‘ಸ್ಮಾಲ್ ಸೈಜ್ ಐತಲ್ರಿ’ ಎಂದು ಅಂಗಡಿಯವರು ವಾದಿಸುತ್ತಾರೆ. ಇಲ್ಲಿಯೇ ಇಡೀ ಗೊಂದಲವಿದೆ. ಆ ಸ್ಮಾಲ್, ಮೀಡಿಯಂ, ಲಾರ್ಜ್‌ಗಳೆಲ್ಲ ಮುಖ್ಯವಾಗಿ ಎದೆಯ ಸುತ್ತಳತೆಯ ಲೆಕ್ಕ. ಸ್ಮಾಲ್ ಅಂದರೆ ಸಪೂರ, ಗಿಡ್ಡ ಅಂತಲ್ಲ. ಕಾರಖಾನೆಯಲ್ಲಿ ಒಂದು ಮೂಲ ಅಳತೆಯ ಮಾದರಿ ಕತ್ತರಿಸಿಟ್ಟುಕೊಂಡು ಅದನ್ನೇ ಹಿಗ್ಗಿಸಿ, ಕುಗ್ಗಿಸಿ ಬೇರೆ ಸೈಜುಗಳನ್ನು ಮಾಡುತ್ತಾರೆ. ಎದೆ ದೊಡ್ಡದಾದಂತೆ ಭುಜವೂ ಅಗಲವಾಗುತ್ತದೆ, ಎಷ್ಟೋ ಸಲ ತೋಳೂ ಉದ್ದವೂ ಬೆಳೆಯುತ್ತವೆ. ಎರಡು ಹೆರಿಗೆಯಾಗಿ ಮೈ ತುಂಬಿದ ಹೆಂಗಸು ಎತ್ತರವಾಗಿಯೂ ಬೆಳೆದಿದ್ದಾಳೆ ಎಂದು ಈ ಲೆಕ್ಕ ನಂಬಿದಂತಿದೆ! ನಮ್ಮ ಓಣಿಯಲ್ಲಿ ಅಂಥ ಪವಾಡ ನಡೆದದ್ದನ್ನು ನಾನಂತೂ ಕಂಡಿಲ್ಲ.

ಇನ್ನು ಮಡಚುವ ಮಾತು. ಕುರ್ತಾದ ಕೆಳಗಿನ ಅಂಚು ಮಡಚಬಹುದು, ಒಪ್ಪಿದೆ. ಆದರೆ ಟೊಂಕ ಎಲ್ಲಿ ಮಡಚೋಣ? ಐದು ಅಡಿ ನಾಲ್ಕು ಇಂಚಿನ ಹೆಂಗಸಿಗಾಗಿ ಕತ್ತರಿಸಿದ ಕುರ್ತಾದಲ್ಲಿ ಟೊಂಕ ಸಣ್ಣದಾಗುವ ಜಾಗ ನಮ್ಮ ಟೊಂಕದಿಂದ ಒಂದು, ಒಂದೂವರೆ ಇಂಚು ಕೆಳಗೆ ಬರುತ್ತದೆ. ಅಲ್ಲಿ ಮೈ ಅಗಲ, ಬಟ್ಟೆ ಬಿಗಿ. ಬಗಲಿನ ಸುತ್ತು ಜೋತು ಬಿದ್ದು ಕೈ ಎತ್ತಿದರೆ ಇಡೀ ಅಂಗಿ ಮೇಲೇಳುತ್ತದೆ. ಕೊರಳು ಆಳಕ್ಕಿಳಿಯುತ್ತದೆ, ಪಿನ್ನು ಚುಚ್ಚಬೇಕು. ಭುಜದ ಹೊಲಿಗೆ ತೋಳಿನ ಮೇಲೆ ಕೂತಿರುತ್ತದೆ. ಇದನ್ನೆಲ್ಲ ಸರಿಪಡಿಸಬೇಕಾದರೆ ತೋಳು ಬಿಚ್ಚಿ, ಬದಿ ಬಿಚ್ಚಿ, ಹೊಸದಾಗಿ ಕತ್ತರಿಸಬೇಕು. ‘ಹೊಸಾದ ಹೊಲಿಯೂದು ಹಗುರ್ರಿ, ಇದು ಬ್ಯಾಡ್ರಿ’ ಎಂದು ಹೊಲಿಗೆಯವರೇ ಕೈಮುಗಿಯುತ್ತಾರೆ.

ನೈಟಿಯ ಕತೆಯಂತೂ ಕೇಳಲೇಬೇಡಿ. ಅದಕ್ಕೆ ‘ಫ್ರೀ ಸೈಜ್’ ಎಂದು ಹೆಸರು. ಉದ್ದ ಐವತ್ತನಾಲ್ಕರಿಂದ ಐವತ್ತಾರು ಇಂಚು. ಐದು ಅಡಿಯ ಹೆಂಗಸು ಎಂದರೆ ನೆತ್ತಿಯಿಂದ ಅಂಗಾಲಿನವರೆಗೆ ಒಟ್ಟು ಅರವತ್ತು ಇಂಚು. ತಲೆ, ಕೊರಳು ಕಳೆದರೆ ಭುಜದಿಂದ ನೆಲಕ್ಕೆ ಉಳಿಯುವುದು ಸುಮಾರು ಐವತ್ತು. ಉಳಿದ ನಾಲ್ಕರಿಂದ ಆರು ಇಂಚು ನೆಲ ಒರೆಸಲಿಕ್ಕೆ! ನಸುಕಿನಲ್ಲಿ ತುಂಬಿದ ಕೊಡ ಹೊತ್ತು ಮೆಟ್ಟಿಲು ಹತ್ತುವವಳಿಗೆ ಅದು ನಗೆಯ ಸಂಗತಿಯಲ್ಲ, ಕಾಲು ಮುರಿಯುವ ಸಂಗತಿ.

ನಮ್ಮ ಅವ್ವಂದಿರಿಗೆ ಈ ಗೋಳು ಇರಲಿಲ್ಲ. ಇಳಕಲ್ಲ ಸೀರೆಗೆ ಸೈಜು ಎಂಬುದೇ ಇಲ್ಲ. ಗಿಡ್ಡ ಇದ್ದವರು ಟೊಂಕದಲ್ಲಿ ನಾಲ್ಕು ಬೆರಳು ಹೆಚ್ಚು ಸಿಕ್ಕಿಸಿಕೊಂಡರೆ ಮುಗಿಯಿತು. ಗುಳೇದಗುಡ್ಡದ ಖಣ ತಂದು ಶಿಂಪಿಗರಿಗೆ ಕೊಟ್ಟರೆ ಅವರವರ ಮೈ ಅಳತೆಗೆ ಕುಪ್ಪಸ. ಅದಕ್ಕೂ ಮುಂದೆ ಗಂಟು. ಬಾಣಂತನದಲ್ಲಿ ಮೈ ತುಂಬಿದರೆ ಗಂಟು ಸಡಿಲ, ಇಳಿದರೆ ಬಿಗಿ. ಮೈಗೆ ತಕ್ಕಂತೆ ಬಟ್ಟೆ ನಡೆಯಬೇಕೆಂಬ ತಿಳಿವಳಿಕೆ ಅದರಲ್ಲಿತ್ತು. ಹಾಗಂತ ‘ಸೀರೀನ ಉಟ್ಕೊಳ್ರಿ, ಯಾಕ ಬೇಕು ಈ ಉಸಾಬರಿ’ ಎನ್ನುವವರಿಗೆ ನಾನು ಒಪ್ಪುವವಳಲ್ಲ. ಸ್ಕೂಟಿ ಹೊಡೆಯುವವಳಿಗೆ, ಬಸ್ಸಿಗೆ ಓಡುವವಳಿಗೆ, ದವಾಖಾನೆಯಲ್ಲಿ ರಾತ್ರಿ ಪಾಳಿ ಮಾಡುವವಳಿಗೆ ಏನು ತೊಡಬೇಕೆಂದು ಅವಳಿಗೇ ಗೊತ್ತು.

‘ಹೊಲಿಸಿಕೊಳ್ಳಿರಿ’ ಎಂದು ಇನ್ನೊಂದು ಸಲಹೆ. ಮೊದಲು ಹಾಗೆಯೇ ಮಾಡುತ್ತಿದ್ದೆವು. ಈಗ ನಾನೂರು ರೂಪಾಯಿಗೆ ಸಿದ್ಧ ಕುರ್ತಾ ಸಿಗುತ್ತದೆ. ಅರಿವೆ, ಅಸ್ತರು, ಹೊಲಿಗೆ ಕೂಡಿಸಿದರೆ ಅದರ ಎರಡು ಪಟ್ಟು. ಸವಣೂರಿನಲ್ಲಿ ನನ್ನ ತವರಿನ ಓಣಿಯಲ್ಲೇ ಮೂವರು ಹೆಣ್ಣುಮಕ್ಕಳು ಮನೆಯಲ್ಲಿ ಮಶೀನು ಇಟ್ಟುಕೊಂಡಿದ್ದಾರೆ. ಅಳತೆ ತೆಗೆದು ಅಂದವಾಗಿ ಹೊಲಿಯಬಲ್ಲ ಆ ಕೈಗಳಿಗೆ ಇವತ್ತು ಸಿಗುವ ಕೆಲಸ ಪೇಟೆಯ ಅಂಗಿಯ ತೋಳು ಬಿಚ್ಚುವುದು, ಅಂಚು ಮಡಚುವುದು. ನಾವು ರೊಕ್ಕ ಕೊಟ್ಟು ತಂದ ತಪ್ಪನ್ನು ಅವರು ಐವತ್ತು, ಅರವತ್ತು ರೂಪಾಯಿಗೆ ತಿದ್ದಬೇಕು.

ಇದೇನು ಮಹಾ ವಿಷಯ, ಹೆಂಗಸರ ಶೋಕಿ ಎನ್ನುವವರಿಗೆ ನನ್ನ ತಂಗಿಯ ಮಗಳ ಮಾತು ಹೇಳುತ್ತೇನೆ. ಬಿ.ಕಾಂ. ಮುಗಿಸಿದ ಹುಡುಗಿ, ನಾಲ್ಕು ಅಡಿ ಹತ್ತು ಇಂಚು. ಹುಬ್ಬಳ್ಳಿಯಲ್ಲಿ ನೌಕರಿಯ ಸಂದರ್ಶನಕ್ಕೆ ಕರೆ ಬಂತು. ಹಿರೇಕೆರೂರು, ರಾಣೇಬೆನ್ನೂರು ಹುಡುಕಿ ಕೊನೆಗೆ ಸಿಕ್ಕ ಒಂದು ಅಂಗಿ, ಪ್ಯಾಂಟು ತೊಟ್ಟು ಹೋದಳು. ಬಂದಮೇಲೆ ಸುಮ್ಮನೆ ಕುಳಿತಿದ್ದಳು. ಕೇಳಿದರೆ, ‘ಉತ್ತರ ಎಲ್ಲಾ ಗೊತ್ತಿತ್ತು ದೊಡ್ಡವ್ವಾ. ಆದ್ರ ನನ್ನ ಲಕ್ಷ್ಯ ಎಲ್ಲಾ ತೋಳಿನ ಮ್ಯಾಲಿತ್ತು. ಅಕ್ಕನ ಅಂಗಿ ಕೇಳಿ ಹಾಕ್ಕೊಂಡು ಬಂದಂಗ ಕಾಣ್ತಿದ್ನಿ’ ಎಂದಳು. ಆ ನೌಕರಿ ಸಿಗದಿದ್ದುದಕ್ಕೆ ಅಂಗಿಯೇ ಕಾರಣ ಎಂದು ನಾನು ಹೇಳಲಾರೆ. ಆದರೆ ಆ ಹೊತ್ತಿನಲ್ಲಿ ಅವಳಿಗೆ ಇರಬೇಕಾದ ಧೈರ್ಯವನ್ನು ಅದು ಕಸಿದುಕೊಂಡಿತು. ಎತ್ತರದ ಮಾತು ಹೆಣ್ಣಿಗೆ ಸಣ್ಣಂದಿನಿಂದಲೂ ಚುಚ್ಚುವ ಮಾತು. ಕನ್ಯೆ ನೋಡಲು ಬಂದವರು ‘ಹುಡುಗಿ ಸ್ವಲ್ಪ ಗಿಡ್ಡ’ ಎಂದು ಹೋಗುತ್ತಾರೆ. ಅದೇ ಮಾತನ್ನು ಅಂಗಡಿಯ ಕನ್ನಡಿಯೂ ಹೇಳಬೇಕೆ?

ವ್ಯಾಪಾರಿಯ ವಾದವನ್ನೂ ಕೇಳೋಣ. ಉದ್ದ ಇದ್ದರೆ ಕತ್ತರಿಸಬಹುದು, ಗಿಡ್ಡ ಇದ್ದರೆ ಕೂಡಿಸಲು ಬರುವುದಿಲ್ಲ. ಒಂದೊಂದು ಸೈಜಿನಲ್ಲೂ ಎರಡೆರಡು ಉದ್ದ ಇಟ್ಟರೆ ಮಾಲು ಕೊಳೆಯುತ್ತದೆ. ಸರಿ, ಆಗಲಿ. ಹಾಗಾದರೆ ಗಂಡಸರ ಪ್ಯಾಂಟಿನ ವಿಷಯದಲ್ಲಿ ಏನು ಮಾಡುತ್ತೀರಿ? ಕೆಳಗಿನ ತುದಿ ಹೊಲಿಯದೆಯೇ ತರಿಸುತ್ತೀರಿ, ಗಿರಾಕಿಯನ್ನು ನಿಲ್ಲಿಸಿ ಅಳತೆ ತೆಗೆಯುತ್ತೀರಿ, ಸಂಜೆಯೊಳಗೆ ಪುಕ್ಕಟೆ ಹೊಲಿದು ಇಸ್ತ್ರಿ ಮಾಡಿ ಕೊಡುತ್ತೀರಿ. ನನ್ನ ಯಜಮಾನರ ಪ್ಯಾಂಟಿಗೆ ಸಿಕ್ಕುವ ಮರ್ಯಾದೆ ನನ್ನ ಸಲವಾರಿಗೆ ಯಾಕಿಲ್ಲ?

ಅಳೆಯುವುದು ಕಷ್ಟವೂ ಅಲ್ಲ. 1939–40ರಲ್ಲೇ ಅಮೆರಿಕದ ಕೃಷಿ ಇಲಾಖೆ ಸುಮಾರು ಹದಿನೈದು ಸಾವಿರ ಹೆಂಗಸರನ್ನು, ಒಬ್ಬೊಬ್ಬರ ಮೈಯಲ್ಲಿ 59 ಕಡೆ ಅಳೆದಿತ್ತು. ಅದರಲ್ಲೂ ದೋಷವಿತ್ತು. ಬಿಳಿಯ ಹೆಂಗಸರ ಅಳತೆಯನ್ನಷ್ಟೇ ಲೆಕ್ಕಕ್ಕೆ ಹಿಡಿದರು. ನಮ್ಮಲ್ಲಿ ಕೇಂದ್ರ ಜವಳಿ ಮಂತ್ರಾಲಯ ಮತ್ತು ನಿಫ್ಟ್ ಸಂಸ್ಥೆ ‘ಇಂಡಿಯಾಸೈಜ್’ ಹೆಸರಿನಲ್ಲಿ 15ರಿಂದ 65 ವಯಸ್ಸಿನ 25 ಸಾವಿರ ಜನರನ್ನು ಆರು ನಗರಗಳಲ್ಲಿ ಅಳೆಯುವ ಯೋಜನೆ ಹಾಕಿಕೊಂಡವು. ಒಳ್ಳೆಯ ಕೆಲಸ. ಆದರೆ ಆ ಆರೂ ಶಹರಗಳು. ಕಬ್ಬಿನ ಹೊಲದಲ್ಲಿ, ಹತ್ತಿಯ ಹೊಲದಲ್ಲಿ ಬಗ್ಗಿ ದುಡಿದ ನಮ್ಮ ಭಾಗದ ಹೆಂಗಸಿನ ಭುಜಕ್ಕೂ ಟೊಂಕಕ್ಕೂ ಟೇಪು ಹಿಡಿಯಲು ಯಾರಾದರೂ ಇಲ್ಲಿಗೆ ಬರಬೇಕಲ್ಲವೆ?

ಹೊಲಿಯುವ ಕೈಗಳಿಗೂ ಬರವಿಲ್ಲ. ಬೆಂಗಳೂರಿನ ಪೀಣ್ಯ, ಮೈಸೂರು ರಸ್ತೆಯ ಗಾರ್ಮೆಂಟುಗಳಲ್ಲಿ ಲಕ್ಷಗಟ್ಟಲೆ ಹೆಂಗಸರು ದುಡಿಯುತ್ತಾರೆ, ಪರದೇಶದ ಹೆಂಗಸರ ಅಳತೆಗೆ ಒಂದು ನೂಲೂ ತಪ್ಪದಂತೆ ಹೊಲಿಯುತ್ತಾರೆ. 2016ರ ಏಪ್ರಿಲ್‌ನಲ್ಲಿ ಭವಿಷ್ಯನಿಧಿಯ ಹೊಸ ನಿಯಮದ ವಿರುದ್ಧ ಇವರೇ ಬೀದಿಗಿಳಿದಾಗ ಕೇಂದ್ರ ಸರಕಾರ ಆ ಆದೇಶವನ್ನು ಹಿಂದಕ್ಕೆ ಪಡೆಯಿತು. ದಿಲ್ಲಿಯನ್ನು ಬಗ್ಗಿಸಿದ ಹೆಂಗಸರಿರುವ ನಾಡಿನಲ್ಲಿ ಪೇಟೆಯ ಅಂಗಡಿಯವರಿಂದ ಎರಡು ಇಂಚು ಪಡೆಯುವುದು ಅಷ್ಟು ಕಷ್ಟವೆ?

2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ನಮಗೆ ಬಸ್ಸು ಪುಕ್ಕಟೆಯಾಯಿತು. ಹುಬ್ಬಳ್ಳಿಗೆ ಹೋಗಿ ಹತ್ತು ಅಂಗಡಿ ನೋಡಿ ಬರುವ ಅನುಕೂಲ ಈಗ ಉಂಟು. ಆದರೆ ಅಲ್ಲಿಯೂ ತೂಗುಹಾಕಿರುವುದು ಅದೇ ಅಳತೆಯ ಅಂಗಿ.

ಆದ್ದರಿಂದ ಅಕ್ಕತಂಗಿಯರೇ, ಕೇಳಬೇಕಾದದ್ದನ್ನು ನಮ್ಮ ಊರಿನಲ್ಲೇ ಕೇಳೋಣ. ಅಂಗಿಯ ಚೀಟಿಯ ಮೇಲೆ ಎದೆಯಳತೆಯ ಜೊತೆಗೆ ಅದು ಎಷ್ಟು ಎತ್ತರದವರಿಗೆ ಎಂಬುದನ್ನೂ ಬರೆಯಲಿ. ತೊಟ್ಟು ನೋಡಲು ಬಾಗಿಲಿರುವ ಒಂದು ಕೋಣೆ ಇರಲಿ. ಗಂಡಸರಿಗೆ ಮಾಡಿದಂತೆ ನಮಗೂ ಅಂಗಡಿಯ ಖರ್ಚಿನಲ್ಲೇ ಅಳತೆಗೆ ತಂದುಕೊಡಲಿ. ಆ ಕೆಲಸ ಓಣಿಯ ಹೊಲಿಗೆಯ ಹೆಣ್ಣುಮಕ್ಕಳಿಗೆ ಹೋಗಲಿ, ಅವರಿಗೂ ಕಾಯಂ ನಾಲ್ಕು ಕಾಸು ಬರಲಿ. ದೀಪಾವಳಿಯ ಮಾಲು ತರಲು ಅಂಗಡಿಯವರು ಹೊರಡುವ ಮೊದಲೇ ನಾಲ್ಕು ಜನ ಕೂಡಿ ಹೋಗಿ ನಮ್ಮ ಅಳತೆಗಳನ್ನು ಬರೆಸಿ ಬರೋಣ. ಗಿರಾಕಿ ಕೈಬಿಟ್ಟು ಹೋಗುವುದೆಂದು ಗೊತ್ತಾದರೆ ಮುಂಬೈಯ ಸಗಟು ವ್ಯಾಪಾರಿಗೆ ಅವರೇ ಹೇಳುತ್ತಾರೆ. ‘ನನಗ ಯಾವ ಸೈಜೂ ಆಗೂದಿಲ್ರಿ’ ಎಂದು ತಲೆ ತಗ್ಗಿಸಿ ಹೇಳುವುದು ಸಾಕು. ‘ನಿಮ್ಮ ಕಡೆ ನಮ್ಮ ಸೈಜು ಇಲ್ರಿ, ತರಸ್ರಿ, ಆಮ್ಯಾಲೆ ಬರ್ತೀವಿ’ ಎಂದು ಹೇಳಿ ಬರೋಣ.