ಎರಡು ಮಿಲಿಮೀಟರ್, ಇಪ್ಪತ್ತು ವರ್ಷ

ನವರಾತ್ರಿಯಲ್ಲಿ ಗೊಂಬೆ ಕೂರಿಸುವಾಗ ಅಳತೆಯ ತಕರಾರು ಯಾರೂ ತೆಗೆಯುವುದಿಲ್ಲ. ಪಟ್ಟದ ಗೊಂಬೆಯ ಮೊಣಕಾಲೆತ್ತರಕ್ಕೆ ಆನೆ ನಿಂತಿರುತ್ತದೆ, ಶೆಟ್ಟರು ತಮ್ಮ ಅಂಗಡಿಗಿಂತ ದೊಡ್ಡವರಾಗಿ ಕೂತಿರುತ್ತಾರೆ, ಬಂದವರು ಆರತಿ ಮುಗಿಸಿ ಚರ್ಪು ತಿಂದು ಹೋಗುತ್ತಾರೆ. ಹಳೆಯ ಯುದ್ಧಗಳನ್ನು ಮೇಜಿನ ಮೇಲೆ ಪುಟ್ಟ ಸೈನಿಕರಿಂದ ಮತ್ತೆ ಆಡುವ ವಾರ್‌ಗೇಮ್‌ನವರಿಗೆ ಈ ಔದಾರ್ಯ ಇಲ್ಲ. ಒಂದು ಕಂಪನಿಯ ಸೈನಿಕನ ಪಕ್ಕ ಇನ್ನೊಂದು ಕಂಪನಿಯವನನ್ನು ನಿಲ್ಲಿಸುವ ಮುಂಚೆ ಅವರು ವರ್ನಿಯರ್ ಕ್ಯಾಲಿಪರ್ ಹುಡುಕುತ್ತಾರೆ. ಹೊರಗಿನವರಿಗೆ ಇದು ಅತಿಯೆನಿಸಬಹುದು. ನನಗೆ ಹಾಗನಿಸುವುದಿಲ್ಲ. ನನ್ನ ಆಕ್ಷೇಪ ಬೇರೆ, ಅದು ಕ್ಯಾಲಿಪರ್ ಕೆಳಗಿಟ್ಟ ಮೇಲೆ ಶುರುವಾಗುತ್ತದೆ.

ಈ ಆಟವನ್ನು ಸೇನಾಧಿಕಾರಿಗಳ ಕೋಣೆಯಿಂದ ಮನೆಯ ನೆಲದ ಮೇಲೆ ತಂದವರಲ್ಲಿ ದೊಡ್ಡ ಹೆಸರು ಎಚ್. ಜಿ. ವೆಲ್ಸ್. 1913ರಲ್ಲಿ ಬಂದ ಅವರ ‘ಲಿಟಲ್ ವಾರ್ಸ್’ ಪುಸ್ತಕದಲ್ಲಿ ನಿಯಮಗಳಿವೆ. ಸ್ಪ್ರಿಂಗ್ ಇರುವ ಆಟಿಕೆ ಫಿರಂಗಿಯಿಂದ ಮರದ ತುಂಡು ಹಾರಿಸಿ ಎದುರಾಳಿಯ ಸೈನಿಕರನ್ನು ಉರುಳಿಸಬೇಕು. ಅವರ ಸೈನಿಕರೆಲ್ಲ 54 ಮಿಲಿಮೀಟರ್ ಎತ್ತರದವರು, ಬ್ರಿಟನ್ಸ್ ಕಂಪನಿಯ ತಯಾರಿಕೆ. ಒಳಗೆ ಟೊಳ್ಳಾಗಿ ಸೀಸ ಎರಕ ಹೊಯ್ಯುವ ವಿಧಾನವನ್ನು ಆ ಕಂಪನಿ 1893ರಲ್ಲಿ ತಂದಿತ್ತು. ಎಲ್ಲರ ಬಳಿಯೂ ಒಂದೇ ಅಳತೆಯ ಗೊಂಬೆ, ಹಾಗಾಗಿ ಹೊಂದಿಕೆಯ ಪ್ರಶ್ನೆಯೇ ಏಳಲಿಲ್ಲ. ಪೇಚಾಟ ಶುರುವಾದದ್ದು ನೆಲದಿಂದ ಮೇಜಿಗೆ ಏರಿ, ಗೊಂಬೆಗಳು ಕುಗ್ಗಿ, ತಯಾರಕರು ಹೆಚ್ಚಿದ ಮೇಲೆ.

ಈಗ ಪೆಟ್ಟಿಗೆಯ ಮೇಲೆ 28 ಮಿಲಿಮೀಟರ್ ಎಂದಿರುತ್ತದೆ. ಎಲ್ಲಿಂದ ಎಲ್ಲಿಗೆ? ಕೆಲವರು ಅಂಗಾಲಿನಿಂದ ನೆತ್ತಿಗೆ ಅಳೆಯುತ್ತಾರೆ, ಕೆಲವರು ಕಣ್ಣಿಗೆ. ಕಣ್ಣಿಗೆ ಅಳೆಯುವುದರಲ್ಲಿ ಅರ್ಥವಿದೆ. ಹೆಲ್ಮೆಟ್, ಪೇಟ, ಗರಿಗಳ ಕೆಳಗೆ ನೆತ್ತಿ ಎಲ್ಲಿದೆಯೆಂದು ಹೇಳುವವರು ಯಾರು? ಇದಕ್ಕೆ ಪ್ರಮಾಣದ, ಅಂದರೆ ನಿಜದ ಅಳತೆಯನ್ನು ಎಷ್ಟರಿಂದ ಭಾಗಿಸಬೇಕು ಎಂಬುದರ, ಗೊಂದಲವೂ ಸೇರಿದೆ. 170 ಸೆಂಟಿಮೀಟರ್ ಎತ್ತರದ ಮನುಷ್ಯನನ್ನು 56ರಿಂದ ಭಾಗಿಸಿದರೆ 30 ಮಿಲಿಮೀಟರ್ ಚಿಲ್ಲರೆ, 64ರಿಂದ ಭಾಗಿಸಿದರೆ ಇಪ್ಪತ್ತಾರೂವರೆ, 72ರಿಂದ ಭಾಗಿಸಿದರೆ ಇಪ್ಪತ್ಮೂರೂವರೆ. ಮೊದಲೆರಡೂ ಅಂಗಡಿಯಲ್ಲಿ ಒಂದೇ ಹೆಸರಿನಡಿ ಸಿಗಬಹುದು. ಮೂರನೆಯದು ಏರ್‌ಫಿಕ್ಸ್, ಎಸ್ಕಿಯಂಥವರ ಪ್ಲಾಸ್ಟಿಕ್ ಸೈನಿಕರದು. ಅವರ ಲೋಕವೇ ಬೇರೆ, ಲೋಹದವರ ಜೊತೆ ಅವರನ್ನು ಬೆರೆಸುವ ಯೋಚನೆಯನ್ನೇ ಬಿಡುವುದು ಕ್ಷೇಮ.

ಕೆಂಪು ಕೋಟಿನ ಇಬ್ಬರು ಬ್ರಿಟಿಷ್ ಸಿಪಾಯಿಗಳನ್ನು ಅಕ್ಕಪಕ್ಕ ನಿಲ್ಲಿಸಿ ನೋಡಿ. ಇಬ್ಬರೂ ದಕ್ಷಿಣ ಆಫ್ರಿಕಾದ 1879ರ ಜುಲು ಯುದ್ಧದವರು. ಒಬ್ಬ 1970ರ ದಶಕದ ಸಪೂರ ಎರಕ, 25 ಮಿಲಿಮೀಟರ್ ಎನ್ನಿಸಿಕೊಂಡವನು. ಇನ್ನೊಬ್ಬ ಇತ್ತೀಚಿನ 28ರವನು. ಕಣ್ಣಿನ ಮಟ್ಟದಲ್ಲಿ ವ್ಯತ್ಯಾಸ ಎರಡೇ ಮಿಲಿಮೀಟರ್. ಅಷ್ಟಾದರೆ ಸಹಿಸಬಹುದಿತ್ತು, ಯಾವ ಪಲ್ಟನ್ನಿನಲ್ಲಾದರೂ ಕುಳ್ಳರು ಉದ್ದನೆಯವರು ಇದ್ದೇ ಇರುತ್ತಾರೆ. ಆದರೆ ಹೊಸಬನ ಮುಷ್ಟಿ ಹಳಬನ ಮುಖದಷ್ಟಿದೆ. ತೊಡೆ ಎರಡು ಪಟ್ಟು ದಪ್ಪ, ತಲೆ ಮೈಗೆ ಒಪ್ಪುವುದಕ್ಕಿಂತ ಒಂದು ಸುತ್ತು ದೊಡ್ಡದು. ಮೂರಡಿ ದೂರದಿಂದ ಮೂತಿ ಗುರುತು ಸಿಗಲಿ, ಬಣ್ಣದ ಕುಂಚಕ್ಕೆ ಜಾಗ ಸಿಗಲಿ ಎಂದು ಶಿಲ್ಪಿ ಬೇಕೆಂದೇ ಹಾಗೆ ಮಾಡಿದ್ದಾನೆ. ತಪ್ಪೇನಲ್ಲ. ಆದರೆ ಹಳಬ ಅವನ ಪಕ್ಕದಲ್ಲಿ ನಿಂತರೆ ಯಾರದೋ ಮಗನಂತೆ ಕಾಣುತ್ತಾನೆ.

ಎತ್ತರಕ್ಕಿಂತ ನಂಬಬಹುದಾದ ಪರೀಕ್ಷೆ ಬಂದೂಕು. ಮನುಷ್ಯರು ಕುಳ್ಳಗೆ ಉದ್ದಕ್ಕೆ ಹುಟ್ಟುತ್ತಾರೆ, ಕಾರ್ಖಾನೆಯಿಂದ ಬಂದ, ಈ ಸಿಪಾಯಿಗಳ ಮಾರ್ಟಿನಿ-ಹೆನ್ರಿ ಬಂದೂಕು ಹಾಗೆ ಹುಟ್ಟುವುದಿಲ್ಲ. ಅದರ ಉದ್ದ 49 ಅಂಗುಲ, ಅಂದರೆ 124 ಸೆಂಟಿಮೀಟರ್. 56ರ ಪ್ರಮಾಣದಲ್ಲಿ 22 ಮಿಲಿಮೀಟರ್, 64ರದರಲ್ಲಿ ಹತ್ತೊಂಬತ್ತೂವರೆ. ಒಂದೇ ಸಾಲಿನಲ್ಲಿ ಇಬ್ಬರ ಬಂದೂಕು ಬೇರೆ ಬೇರೆ ಉದ್ದ ಇದ್ದರೆ ಕಣ್ಣು ತಕ್ಷಣ ಹಿಡಿಯುತ್ತದೆ, ಕಾರಣ ಗೊತ್ತಾಗದಿದ್ದರೂ ಏನೋ ಸರಿಯಿಲ್ಲ ಅನ್ನಿಸುತ್ತದೆ.

ಪಳಗಿದವರು ಪೆಟ್ಟಿಗೆಯ ಮೇಲಿನ ಅಂಕಿಯನ್ನು ನಂಬಿ ಕೊಳ್ಳುವುದಿಲ್ಲ, ಶಿಲ್ಪಿಯ ಕೈ ನೋಡಿ ಕೊಳ್ಳುತ್ತಾರೆ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಸುತ್ತಮುತ್ತ ಈ ಉದ್ಯಮ ಎಷ್ಟು ದಟ್ಟವಾಗಿದೆಯೆಂದರೆ ಹವ್ಯಾಸಿಗಳು ಆ ಸೀಮೆಯನ್ನು ಸೀಸದ ಪಟ್ಟಿ ಎಂದೇ ಕರೆಯುತ್ತಾರೆ. ಅಲ್ಲಿನ ಶಿಲ್ಪಿಗಳು ಒಂದು ಕಂಪನಿಯಿಂದ ಇನ್ನೊಂದಕ್ಕೆ ಹೋದರು, ತಮ್ಮದೇ ಕಂಪನಿ ಕಟ್ಟಿದರು. ಅವಳಿ ಸೋದರರಾದ ಮೈಕೆಲ್ ಮತ್ತು ಅಲನ್ ಪೆರಿ ಮೊದಲು ಬೇರೆಯವರಿಗಾಗಿ ಸೈನಿಕರನ್ನು ಕಡೆದರು, ಆಮೇಲೆ ತಮ್ಮ ಹೆಸರಿನಲ್ಲೇ ಸುಡಾನ್ ಯುದ್ಧದವರನ್ನು ತಂದರು. ಮಾರ್ಕ್ ಕಾಪಲ್‌ಸ್ಟೋನ್ ಕೂಡ ಫೌಂಡ್ರಿ ಕಂಪನಿಗೆ ಆಫ್ರಿಕಾದ ಗೊಂಬೆಗಳನ್ನು ಮಾಡಿಕೊಟ್ಟು, ಬಳಿಕ ಸ್ವಂತ ಎರಕಶಾಲೆ ತೆರೆದವರು. ಕಂಪನಿ ಬದಲಾದರೂ ಕೈ ಅದೇ. ಮೂಗಿನ ತೀಡು, ಬಟ್ಟೆಯ ಮಡಿಕೆ, ಕಾಲಿನ ನಿಲುವು ಅದೇ. ಹಾಗೆ ಬೇರೆ ಬೇರೆ ಅಂಗಡಿಯವರು ಒಂದೇ ಊರಿನವರಂತೆ ಬೆರೆಯುತ್ತಾರೆ.

ಬೆರೆಯದವರಿಗೂ ದಾರಿಗಳಿವೆ. ಮುಖ್ಯವಾದದ್ದು, ಒಂದು ದಳದೊಳಗೆ ಕಲಬೆರಕೆ ಮಾಡಬಾರದು, ದಳ ದಳಗಳ ನಡುವೆ ಮಾಡಬಹುದು. ಲ್ಯಾರಿ ಬ್ರಾಮ್ 1979ರಲ್ಲಿ ಬರೆದ ‘ದಿ ಸ್ವೋರ್ಡ್ ಅಂಡ್ ದಿ ಫ್ಲೇಮ್’ ವಸಾಹತು ಕಾಲದ ಯುದ್ಧಗಳಿಗೆ ಬಹಳ ಜನ ಆಡುವ ನಿಯಮಾವಳಿ. ಅದರಲ್ಲಿ ಕಾಲಾಳು ದಳಕ್ಕೆ 20 ಜನ. ಆ ಇಪ್ಪತ್ತೂ ಜನ ಒಂದೇ ಕೈಯವರಾಗಿದ್ದರೆ, ಅಂಗೈಯಗಲ ಆಚೆ ನಿಂತ ಇನ್ನೊಂದು ದಳದವರು ತುಸು ಸಣ್ಣಗಿರುವುದು ಯಾರ ಗಮನಕ್ಕೂ ಬರುವುದಿಲ್ಲ. ಕುಳ್ಳನ ಪಾದದಡಿ ವಾಷರ್ ಇಟ್ಟು ಒಂದು ಮಿಲಿಮೀಟರ್ ಗಿಟ್ಟಿಸುವುದುಂಟು. ದಪ್ಪ ಮೈಯವನನ್ನು ಅಧಿಕಾರಿ ಮಾಡಿ ಮುಂದೆ ನಿಲ್ಲಿಸುವುದೂ ಉಂಟು, ಅದು ಸ್ವಾಭಾವಿಕವಾಗಿಯೇ ಕಾಣುತ್ತದೆ! ಒಂದೇ ಕುಂಚ, ಒಂದೇ ಕೆಂಪು, ಬುಡಕ್ಕೆಲ್ಲ ಒಂದೇ ಮರಳು ಹಾಕಿದರೆ ಅರ್ಧ ಜಗಳ ತೀರುತ್ತದೆ.

ಇಷ್ಟೆಲ್ಲ ಕಟ್ಟುನಿಟ್ಟು ಮೇಜಿನ ಒಂದು ಬದಿಗೆ ಮಾತ್ರ ಯಾಕೆ, ಎನ್ನುವುದು ನನ್ನ ಆಕ್ಷೇಪ. ಬ್ರಿಟಿಷ್ ಸಿಪಾಯಿಯ ವಿಷಯದಲ್ಲಿ ಹವ್ಯಾಸಿಯ ಶ್ರದ್ಧೆಗೆ ಎಲ್ಲೆಯಿಲ್ಲ. 24ನೆಯ ರೆಜಿಮೆಂಟಿನ ತೋಳಿನ ಅಂಚು ಹಸಿರು. ರಣರಂಗದಲ್ಲಿ ಬಿಳಿ ಹೆಲ್ಮೆಟ್ ಎದ್ದು ಕಾಣಬಾರದೆಂದು ಅವರು ಅದಕ್ಕೆ ಚಹಾದ ಡಿಕಾಕ್ಷನ್ ಬಳಿದು ಮಾಸಲು ಮಾಡಿಕೊಂಡಿದ್ದರು, ಹಿತ್ತಾಳೆಯ ಬಿಲ್ಲೆ ಕಿತ್ತಿಟ್ಟಿದ್ದರು. ಬಿಲ್ಲೆ ಇರುವ ಗೊಂಬೆ ಸಿಕ್ಕರೆ ಹವ್ಯಾಸಿ ಅರ ಹಿಡಿದು ಉಜ್ಜಿ ತೆಗೆಯುತ್ತಾನೆ. ಅದೇ ಕೈ ಎದುರು ಬದಿಗೆ ಬಂದಾಗ ಜುಲು ಎಂದು ಬರೆದ ಒಂದು ಪೆಟ್ಟಿಗೆ ತೆರೆದು, ಇದ್ದವರನ್ನೆಲ್ಲ ಸಾಲಾಗಿ ನಿಲ್ಲಿಸಿಬಿಡುತ್ತದೆ.

ಜುಲು ಸೈನ್ಯ ಗುಂಪಾಗಿ ಓಡಿಬಂದ ಜನ ಅಲ್ಲ. ಒಂದೇ ಓರಗೆಯ ಹುಡುಗರನ್ನು ಸೇರಿಸಿ ಒಂದು ದಳ ಮಾಡುತ್ತಿದ್ದರು. ಅವರು ಒಟ್ಟಿಗೇ ಮುದುಕರಾಗುತ್ತಿದ್ದರು. ಮದುವೆಗೆ ರಾಜನ ಅಪ್ಪಣೆ ಬೇಕು. ಅಪ್ಪಣೆ ಸಿಕ್ಕ ದಳದವರು ನೆತ್ತಿಯ ಮೇಲೆ ಕೂದಲಿಗೆ ಹೆಣೆದ ಕಪ್ಪು ಉಂಗುರ ಧರಿಸುತ್ತಿದ್ದರು, ಅದರ ಹೆಸರು ಇಸಿಕೋಕೊ. ಗುರಾಣಿಯ ತೊಗಲಿನಲ್ಲಿ ಹಿರಿಯರಿಗೆ ಬಿಳುಪು ಹೆಚ್ಚು, ಕಿರಿಯರಿಗೆ ಕಪ್ಪು ಕಂದು ಹೆಚ್ಚು. 1879ರ ಜನವರಿ 22ರಂದು ಇಸಾಂಡ್ಲ್‌ವಾನಾದಲ್ಲಿ ಬ್ರಿಟಿಷರ ಪಾಳೆಯವನ್ನು ನೆಲಸಮ ಮಾಡಿದ ದಳಗಳಲ್ಲಿ ಕಿರಿಯರು ತುಂಬಾ ಇದ್ದರು. ಅದೇ ಸಂಜೆ ಹತ್ತು ಮೈಲಿ ದೂರದ ರಾರ್ಕ್ಸ್ ಡ್ರಿಫ್ಟಿನ ಆಸ್ಪತ್ರೆಯ ಮೇಲೆ ಬಿದ್ದವರಲ್ಲಿ ಮುಖ್ಯರು ಉತುಲ್ವಾನ ಮತ್ತು ಉಡ್ಲೋಕೊ ದಳದವರು. ನಲವತ್ತು ದಾಟಿದವರು, ಸಂಸಾರಸ್ಥರು, ತಲೆಯ ಮೇಲೆ ಉಂಗುರ ಇದ್ದವರು. ಹಗಲಿನ ಯುದ್ಧದಲ್ಲಿ ಮೀಸಲು ಪಡೆಯಾಗಿ ಹಿಂದುಳಿದು, ಕೈ ತೋರಿಸುವ ಅವಕಾಶ ಸಿಗದ ಹಿರೀಕರು ಅವರು. ಅವರ ಹಟ ಅರ್ಥವಾಗುವುದೇ ವಯಸ್ಸು ಗೊತ್ತಾದಾಗ.

1964ರ ‘ಜುಲು’ ಸಿನಿಮಾ ನೋಡಿ ಈ ಆಟಕ್ಕೆ ಬಂದವರು ಲೆಕ್ಕವಿಲ್ಲದಷ್ಟು. ಆ ಯುದ್ಧದ ಮೇಜಿನ ಮೇಲೆ ಎಷ್ಟೋ ಸಲ ಕಾಣುವುದು ಇಪ್ಪತ್ತರ ಹುಡುಗರು, ಗರಿ, ತುಪ್ಪಳ, ಹಸುವಿನ ಬಾಲದ ಕುಚ್ಚು ಎಲ್ಲ ತೊಟ್ಟು ರಾಜನ ಹಬ್ಬಕ್ಕೆ ಹೊರಟವರ ಹಾಗೆ. ಆ ವೇಷವನ್ನು ಬಹುಪಾಲು ಮಂದಿ ಮನೆಯಲ್ಲೇ ಬಿಟ್ಟು ಹಗುರವಾಗಿ ಯುದ್ಧಕ್ಕೆ ಬಂದಿದ್ದರು. ಎರಡು ಮಿಲಿಮೀಟರ್ ಹೆಚ್ಚುಕಮ್ಮಿಯಾದರೆ ಸಿಪಾಯಿಯನ್ನು ವಾಪಸು ಕಳಿಸುವವರು ಇಪ್ಪತ್ತು ವರ್ಷ ಹೆಚ್ಚುಕಮ್ಮಿಯಾದರೆ ತುಟಿ ಬಿಚ್ಚುವುದಿಲ್ಲ.

ಸುಡಾನಿನದೂ ಇದೇ ಕಥೆ. 1884ರ ತಮಾಯಿಯಲ್ಲಿ ಬ್ರಿಟಿಷರ ಚೌಕಾಕಾರದ ವ್ಯೂಹವನ್ನು ಮುರಿದು ಒಳನುಗ್ಗಿದವರು ಕೆಂಪು ಸಮುದ್ರದ ಕಡೆಯ ಬೆಜಾ ಜನ, ಬೆಣ್ಣೆ ಹಚ್ಚಿದ ಕೆದರಿದ ಕೂದಲಿನವರು. 1898ರ ಸೆಪ್ಟೆಂಬರ್ 2ರಂದು ಒಮ್‌ಡರ್ಮನ್ನಿನಲ್ಲಿ ಮೆಷಿನ್ ಗನ್ನಿಗೆ ಎದೆಯೊಡ್ಡಿದವರಲ್ಲಿ ಹೆಚ್ಚಿನವರು ತೇಪೆ ಹಾಕಿದ ಜಿಬ್ಬಾ ತೊಟ್ಟವರು, ಮಹದಿ ಎಂಬ ಧಾರ್ಮಿಕ ನಾಯಕನ ಅನುಯಾಯಿಗಳು. ಬಡತನದ ಗುರುತಾಗಿದ್ದ ಆ ತೇಪೆ ಅಷ್ಟರಲ್ಲಿ ಅಚ್ಚುಕಟ್ಟಾದ ಸಮವಸ್ತ್ರವಾಗಿತ್ತು. ಈ ಹದಿನಾಲ್ಕು ವರ್ಷದಲ್ಲಿ ಬ್ರಿಟಿಷ್ ಸಿಪಾಯಿಯ ಕೋಟು ಬೂದುಬಣ್ಣದಿಂದ ಖಾಕಿಗೆ ಬಂತು, ಮಾರ್ಟಿನಿ ಹೋಗಿ ಲೀ-ಮೆಟ್‌ಫರ್ಡ್ ಬಂತು ಎಂದು ಹವ್ಯಾಸಿ ಎರಡು ಸೈನ್ಯ ಕೊಳ್ಳುತ್ತಾನೆ. ಎದುರಾಳಿಗೆ ಒಂದೇ ಸೈನ್ಯ, ಎರಡೂ ಯುದ್ಧಕ್ಕೆ. ದುಡ್ಡಿನ ಲೆಕ್ಕವೂ ಇದರಲ್ಲಿದೆ, ಒಪ್ಪೋಣ: ಸ್ಥಳೀಯರ ಕಡೆ ಯಾವಾಗಲೂ ಮೂರು ನಾಲ್ಕು ಪಟ್ಟು ಗೊಂಬೆ ಬೇಕು. ಆದರೆ ಹೊಂದಿಕೆ ಎಂಬುದು ಅಳತೆಗೆ ಮಾತ್ರ ಸಲ್ಲುವ ಮಾತಾದರೆ, ಅದು ಅರ್ಧ ಹೊಂದಿಕೆ.

ಮೈಸೂರಿನ ಯುದ್ಧಗಳನ್ನು ಆಡಲು ಹೊರಟವರಿಗೆ ಇದು ಎರಡೂ ಬದಿಯಲ್ಲಿ ಎಡವಟ್ಟು. 1799ರ ಶ್ರೀರಂಗಪಟ್ಟಣಕ್ಕೆ ಅಂಗಡಿಯಲ್ಲಿ ಧಾರಾಳವಾಗಿ ಸಿಗುವ ನೆಪೋಲಿಯನ್ ಕಾಲದ ಕೆಂಪು ಕೋಟಿನವರನ್ನು ತಂದರೆ, ಅವರ ತಲೆಯ ಮೇಲಿನ ಕೊಳವೆಯಾಕಾರದ ಶಾಕೊ ಟೋಪಿ ಇನ್ನೂ ಸೈನ್ಯಕ್ಕೆ ಬಂದಿರಲಿಲ್ಲ. ಇಲ್ಲಿ ಬೇಕಾದ್ದು ಬಿಸಿಲು ತಡೆಯುವ ದುಂಡು ಹ್ಯಾಟು, ಜೊತೆಗೆ ಚಡ್ಡಿ ಮೆಟ್ಟು ತೊಟ್ಟ ಈಸ್ಟ್ ಇಂಡಿಯಾ ಕಂಪನಿಯ ಸಿಪಾಯಿಗಳು. ಟಿಪ್ಪುವಿನ ಕಾಲಾಳುಗಳ ಜಾಗಕ್ಕೆ ಮೊಘಲರನ್ನೋ ಪಠಾಣರನ್ನೋ ತಂದು ನಿಲ್ಲಿಸುವುದು ಸುಲಭ. ಆದರೆ ಅವರದು ಕವಾಯತು ಕಲಿತ, ಹುಲಿಪಟ್ಟೆಯ ಅಂಗಿ ತೊಟ್ಟ, ಬಂದೂಕು ಹಿಡಿದ ಪಡೆ. ದರಿಯಾ ದೌಲತ್ತಿನ ಗೋಡೆಯ ಮೇಲೆ 1780ರ ಪೊಲ್ಲಿಲೂರು ಯುದ್ಧದ ಚಿತ್ರ ಇದೆ: ಮುತ್ತಿಗೆಯೊಳಗೆ ಸಿಕ್ಕಿಬಿದ್ದ ಬ್ರಿಟಿಷರ ಚೌಕ, ನಡುವೆ ಪಲ್ಲಕ್ಕಿಯಲ್ಲಿ ಗಾಯಾಳು ಕರ್ನಲ್ ಬೇಲಿ. ಯಾವ ಕ್ಯಾಟಲಾಗಿಗಿಂತಲೂ ಮೊದಲು ನೋಡಬೇಕಾದ ಹಾಳೆ ಅದು.

ಟಿಪ್ಪುವಿನ ಸೈನ್ಯದ ರಾಕೆಟ್ಟಿನ ವಿಷಯದಲ್ಲಂತೂ ಊಹೆಯ ಅಗತ್ಯವೇ ಇಲ್ಲ. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನ ಹಾಳು ಬಾವಿಯೊಂದರಿಂದ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳನ್ನು ಪುರಾತತ್ವದವರು ಮೇಲೆತ್ತಿದರು. ತುಕ್ಕು ಹಿಡಿದ ಗೇಣುದ್ದದ ಕಬ್ಬಿಣದ ಕೊಳವೆಗಳು. 56ರಿಂದ ಭಾಗಿಸಿದರೆ ನಾಲ್ಕೂವರೆ ಮಿಲಿಮೀಟರಿನ ಆಸುಪಾಸು. ಗೊಂಬೆಯ ಹೆಗಲ ಮೇಲಿನ ಕೊಳವೆ ಅದಕ್ಕಿಂತ ತೀರಾ ಉದ್ದವಿದ್ದರೆ ಬ್ಲೇಡಿನಿಂದ ಕತ್ತರಿಸಿ ಹಾಕಿ, ರಾಕೆಟ್ಟಿಗೆ ಕಟ್ಟುತ್ತಿದ್ದ ಬಿದಿರಿನ ಬದಲಿಗೆ ತೆಂಗಿನ ಪೊರಕೆಯ ಕಡ್ಡಿಯ ಸಣ್ಣ ತುದಿ ಅಂಟಿಸಿದರಾಯಿತು.