ಗುರಿ ತಪ್ಪಿದ್ದು ಪಿಸ್ತೂಲಿನದಾ, ನನ್ನ ಕೈಯದಾ?

ಮೊದಲೇ ಹೇಳಿಬಿಡ್ತೀನಿ, ಇದು ನಿಜವಾದ ಪಿಸ್ತೂಲಿನ ಕಥೆ ಅಲ್ಲ. ಆರು ಮಿಲಿಮೀಟರ್ ಪ್ಲಾಸ್ಟಿಕ್ ಗುಂಡು ಹಾರಿಸುವ ಏರ್‌ಸಾಫ್ಟ್ ಪಿಸ್ತೂಲಿನದು. ಹಾಗಂತ ಪೂರ್ತಿ ಆಟಿಕೆಯ ಕಥೆಯೂ ಅಲ್ಲ. ಯಾಕೆ ಅನ್ನೋದು ಕೊನೇಲಿ ಗೊತ್ತಾಗುತ್ತೆ.

ಪ್ರಾಜೆಕ್ಟ್ ಮೇಲೆ ಟೋಕಿಯೊಗೆ ಬಂದು ಒಂದೂವರೆ ವರ್ಷ ಆಯ್ತು. ನಾನಿರೋದು ನಿಶಿ ಕಸಾಯಿಯಲ್ಲಿ. ಇಂಡಿಯಾದ ಐಟಿ ಮಂದಿ ಎಷ್ಟು ಜನ ಇದ್ದಾರೆ ಅಂದ್ರೆ, ಸ್ಟೇಷನ್ ಹೊರಗೆ ನಿಂತರೆ ಅರ್ಧ ಗಂಟೆಯೊಳಗೆ ಕನ್ನಡ ಕಿವಿಗೆ ಬೀಳುತ್ತೆ. ಒಂದು ಶನಿವಾರ ಅಕಿಹಬರಕ್ಕೆ ಹೆಡ್‌ಫೋನ್ ತಗೊಳ್ಳೋಕೆ ಹೋದವನು ಹೆಡ್‌ಫೋನ್ ಬಿಟ್ಟು ಟೋಕಿಯೊ ಮರುಯಿ ಕಂಪನಿಯ ‘ಹೈ-ಕ್ಯಾಪಾ 5.1’ ತಗೊಂಡು ಬಂದೆ. ಹದಿನೈದು ಸಾವಿರ ಯೆನ್ ಆಸುಪಾಸು. ಹೊಸದು ಅಂದ್ರೆ ನನಗೆ ಹೊಸದು, ಅಷ್ಟೆ. ಈ ಮಾದರಿ ಸುಮಾರು ಇಪ್ಪತ್ತು ವರ್ಷದಿಂದ ಮಾರ್ಕೆಟ್‌ನಲ್ಲಿದೆ. ಬೇರೆ ಕಂಪನಿಗಳೂ ಇದನ್ನೇ ನೋಡಿ ಮಾಡಿ ಮಾಡಿ, ‘ಹೈ-ಕ್ಯಾಪಾ’ ಅನ್ನೋದು ಈಗ ಒಂದು ಜಾತಿಯ ಹೆಸರೇ ಆಗಿಬಿಟ್ಟಿದೆ.

ಒಳಾಂಗಣ ರೇಂಜ್‌ಗೆ ಹೋಗಿ ಹತ್ತು ಮೀಟರ್ ದೂರದ ಕಾಗದಕ್ಕೆ ಮೊದಲ ಮ್ಯಾಗಜೀನ್ ಖಾಲಿ ಮಾಡಿದೆ. ಮೂವತ್ತೊಂದು ಗುಂಡು. ಕಾಗದ ಸಿಡುಬು ಬಂದ ಮುಖದ ಹಾಗಾಯ್ತು, ಅದೂ ಬರೀ ಕೆಳಗಿನ ಅರ್ಧ. “ಇದರ ಸೈಟೇ ಸರಿ ಇಲ್ಲ” ಅಂದೆ. ಜೊತೆಗೆ ಬಂದಿದ್ದವರು ಪಕ್ಕದ ಫ್ಲಾಟಿನ ಹುಬ್ಬಳ್ಳಿಯ ಅಣ್ಣ, ಐದು ವರ್ಷದಿಂದ ಈ ಹುಚ್ಚು ಹತ್ತಿಸಿಕೊಂಡವರು. ನಕ್ಕು, “ಪ್ರೊಡಕ್ಷನ್‌ನಾಗ ಬಗ್ ಬಂದ್ರ ಮೊದಲು ಕಂಪೈಲರ್ ಮ್ಯಾಲೆ ಹಾಕ್ತಿಯೇನಪಾ?” ಅಂದರು.

ಸರಿ, ಒಂದೊಂದಾಗಿ ಬಿಚ್ಚಿ ನೋಡೋಣ ಅಂತ ಕೂತೆ.

ಈ ಪಿಸ್ತೂಲಿನಲ್ಲಿ ಬ್ಯಾಟರಿ ಇಲ್ಲ. ಗ್ಯಾಸ್ ಇರೋದು ಮ್ಯಾಗಜೀನಿನ ಒಳಗೇ, ದ್ರವ ರೂಪದಲ್ಲಿ. ಟ್ರಿಗರ್ ಒತ್ತಿದಾಗ ಹ್ಯಾಮರ್ ಬಿದ್ದು ಮ್ಯಾಗಜೀನಿನ ವಾಲ್ವ್ ತೆರೆಯುತ್ತೆ. ಗ್ಯಾಸ್ ಒಂದು ಪುಟ್ಟ ನಾಝಲ್ ಮೂಲಕ ನುಗ್ಗಿ ಗುಂಡನ್ನು ಮುಂದಕ್ಕೆ ತಳ್ಳುತ್ತೆ. ನಾಝಲ್ ಒಳಗೆ ಬೆರಳ ತುದಿಯಷ್ಟೂ ಇಲ್ಲದ ಒಂದು ತೇಲುವ ವಾಲ್ವ್ ಇದೆ. ಗುಂಡು ಓಡಿದ ಕೂಡಲೇ ಒತ್ತಡ ಬದಲಾಗಿ ಆ ವಾಲ್ವ್ ಮುಂದಕ್ಕೆ ಸರಿದು ದಾರಿ ಮುಚ್ಚುತ್ತೆ. ಉಳಿದ ಗ್ಯಾಸ್ ಹಿಂದಕ್ಕೆ ತಿರುಗಿ ಸ್ಲೈಡನ್ನು ‘ಛಟ್’ ಅಂತ ಒದೆಯುತ್ತೆ. ಸ್ಲೈಡ್ ಹ್ಯಾಮರನ್ನು ಮತ್ತೆ ಎತ್ತಿಟ್ಟು, ಸ್ಪ್ರಿಂಗ್ ಬಲದಿಂದ ವಾಪಸ್ ಬರುವಾಗ ಮುಂದಿನ ಗುಂಡನ್ನು ತಳ್ಳಿಕೊಂಡು ಬರುತ್ತೆ. ಇಷ್ಟೇ ಬ್ಲೋಬ್ಯಾಕ್. ಒಂದೇ ಉಸಿರಿನ ಗ್ಯಾಸಿನಲ್ಲಿ ಎರಡು ಕೆಲಸ, ಮಧ್ಯೆ ಒಂದೂ ಎಲೆಕ್ಟ್ರಾನಿಕ್ ಸೆನ್ಸರ್ ಇಲ್ಲ. ಇದನ್ನು ಯೋಚಿಸಿದ ಎಂಜಿನಿಯರ್‌ಗೆ ನನ್ನದೊಂದು ನಮಸ್ಕಾರ.

ಗಮನಿಸಿ, ಮೊದಲು ಗುಂಡು, ಆಮೇಲೆ ಸ್ಲೈಡು. ಒಳಗಿನ ನಳಿಗೆ 112.5 ಮಿ.ಮೀ. ಉದ್ದ. ಅದನ್ನು ದಾಟೋಕೆ ಗುಂಡಿಗೆ ಮೂರ್ನಾಲ್ಕು ಮಿಲಿಸೆಕೆಂಡ್ ಸಾಕು. ಕೈಗೆ ಒದೆತ ಗೊತ್ತಾಗುವ ಹೊತ್ತಿಗೆ ಗುಂಡು ಹೊರಟುಹೋಗಿರುತ್ತೆ. ಹಾಗಾಗಿ ‘ಬ್ಲೋಬ್ಯಾಕ್ ಜೋರು, ಅದಕ್ಕೇ ಗುರಿ ತಪ್ತು’ ಅನ್ನೋ ನೆಪ ನಡೆಯಲ್ಲ.

ಕೈಯಲ್ಲಿ ಹಿಡಿದರೆ ಭಾರ ಚೆನ್ನಾಗಿದೆ, ಆದರೆ ಸ್ಲೈಡ್ ಮುಟ್ಟಿದರೆ ಪ್ಲಾಸ್ಟಿಕ್. ಮೊದಲು ‘ಛೆ’ ಅನ್ನಿಸಿತು. ಅದು ಜಿಪುಣತನ ಅಲ್ಲವಂತೆ, ಕಾನೂನು. ಲೋಹದ ನಕಲಿ ಪಿಸ್ತೂಲುಗಳ ಮೇಲೆ ಜಪಾನ್ 1971ರಲ್ಲೇ ಕಡಿವಾಣ ಹಾಕಿತು. ಅಂಥವಕ್ಕೆ ಬಿಳಿ ಅಥವಾ ಹಳದಿ ಬಣ್ಣ, ಮುಚ್ಚಿದ ನಳಿಗೆ ಕಡ್ಡಾಯ. 2006ರಲ್ಲಿ ಶಕ್ತಿಗೂ ಮಿತಿ ಬಂತು. ಆರು ಮಿ.ಮೀ. ಗುಂಡಿಗೆ ಲೆಕ್ಕ ಹಾಕಿದರೆ ಒಂದು ಜೂಲ್‌ಗಿಂತ ಚೂರು ಕಡಿಮೆ. ನನ್ನದು ರೇಂಜಿನ ವೇಗಮಾಪಕದಲ್ಲಿ 0.20 ಗ್ರಾಂ ಗುಂಡಿಗೆ ಸೆಕೆಂಡಿಗೆ 70 ಮೀಟರ್ ಹತ್ತಿರ ತೋರಿಸಿತು. ಅಂದ್ರೆ ಅರ್ಧ ಜೂಲ್. ನಿಜವಾದ 9 ಎಂಎಂ ಗುಂಡಿನದು ಸುಮಾರು 500 ಜೂಲ್. ಸಾವಿರ ಪಟ್ಟು ಕಡಿಮೆ ಅಂತ ನಿರಾಳ ಆಗಬೇಡಿ. ಕಣ್ಣಿಗೆ ಆ ಅರ್ಧ ಜೂಲೇ ಹೆಚ್ಚು.

ಇನ್ನು ಗುರಿಯ ವಿಷಯ. ನಿಜವಾದ ಬಂದೂಕಿನ ನಳಿಗೆಯೊಳಗೆ ಸುರುಳಿ ಗೀರುಗಳಿರುತ್ತವೆ. ಗುಂಡು ಬುಗುರಿಯಂತೆ ತಿರುಗುತ್ತ ನೆಟ್ಟಗೆ ಹೋಗುತ್ತೆ. ಏರ್‌ಸಾಫ್ಟ್ ನಳಿಗೆ ಒಳಗೆ ನುಣ್ಣಗಿದೆ. ಗುಂಡು ಸುಮಾರು 5.95 ಮಿ.ಮೀ., ನಳಿಗೆ ಅದಕ್ಕಿಂತ ಒಂದು ಕೂದಲೆಳೆ ದೊಡ್ಡದು. ಹಾಗಾದ್ರೆ ನೆಟ್ಟಗೆ ಹೋಗೋದು ಹೇಗೆ? ನಳಿಗೆಯ ಬುಡದಲ್ಲಿ ಮೇಲಿನಿಂದ ಚೂರೇ ಚೂರು ಕೆಳಗೆ ಉಬ್ಬಿಕೊಂಡ ಒಂದು ರಬ್ಬರ್ ಇದೆ. ಇದೇ ಹಾಪ್-ಅಪ್. ಗುಂಡು ಹೊರಡುವಾಗ ಅದರ ನೆತ್ತಿ ಈ ರಬ್ಬರಿಗೆ ಉಜ್ಜಿ ಹಿಮ್ಮುಖವಾಗಿ ತಿರುಗೋಕೆ ಶುರುವಾಗುತ್ತೆ. ಕ್ರಿಕೆಟ್ ನೋಡುವವರಿಗೆ ಇದು ಹೊಸದಲ್ಲ. ಅನಿಲ್ ಕುಂಬ್ಳೆ ಫ್ಲಿಪ್ಪರ್ ಹಾಕುವಾಗ ಚೆಂಡಿಗೆ ಕೊಡುತ್ತಿದ್ದದ್ದೂ ಹಿಮ್ಮುಖ ತಿರುಗೇ. (ಕುಂಬ್ಳೆ ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್, ಸುಮ್ಮನೆ ನೆನಪಾಯ್ತು.) ಹಾಗೆ ತಿರುಗುವ ಚೆಂಡನ್ನು ಗಾಳಿ ಸ್ವಲ್ಪ ಹೊತ್ತು ಎತ್ತಿ ಹಿಡಿಯುತ್ತೆ. ಹಾಪ್-ಅಪ್ ಪೂರ್ತಿ ಕಡಿಮೆ ಇಟ್ಟರೆ ಹತ್ತು ಮೀಟರ್ ಹೋಗುವಷ್ಟರಲ್ಲಿ ಗುಂಡು ಹತ್ತು-ಹನ್ನೆರಡು ಸೆಂ.ಮೀ. ಬೀಳುತ್ತೆ. ಜಾಸ್ತಿ ಕೊಟ್ಟರೆ ಗಾಳಿಪಟದ ಹಾಗೆ ಮೇಲಕ್ಕೆ.

ಅದನ್ನು ಸರಿಹೊಂದಿಸುವ ಪುಟ್ಟ ಚಕ್ರ ಇರೋದು ಸ್ಲೈಡ್ ಒಳಗೆ. ಪ್ರತಿ ಸಲ ಸ್ಲೈಡ್ ಕಳಚಿ, ಒಂದು ಹಲ್ಲು ತಿರುಗಿಸಿ, ಮತ್ತೆ ಜೋಡಿಸಿ, ಐದು ಗುಂಡು ಹೊಡೆದು ನೋಡಬೇಕು. ವಿನ್ಯಾಸದಲ್ಲಿ ನನಗೆ ಬೇಜಾರಾದ ವಿಷಯ ಇದೊಂದು. ಆರು ಸಲ ಕಳಚಿದ ಮೇಲೆ ಕಣ್ಣು ಮುಚ್ಚಿಕೊಂಡೂ ಬಿಚ್ಚೋದು ಬಂತು, ಅದು ಬೇರೆ ಮಾತು.

ಹೊಂದಿಸಿದ ಮೇಲೆ ಮೇಜಿನ ಮೇಲೆ ಮರಳಚೀಲ ಇಟ್ಟು, ಪಿಸ್ತೂಲು ಅದರ ಮೇಲೆ ಊರಿ ಹೊಡೆದೆ. ಐದು ಮೀಟರ್‌ನಲ್ಲಿ ಹತ್ತು ಗುಂಡೂ ಒಂದು ನಿಂಬೆಹಣ್ಣಿನಷ್ಟು ಜಾಗದಲ್ಲಿ. ಹತ್ತು ಮೀಟರ್‌ನಲ್ಲಿ ಒಂದು ಮದ್ದೂರು ವಡೆಯಷ್ಟು. 0.25 ಗ್ರಾಂ ಗುಂಡು ಹಾಕಿದಾಗ ವೇಗ ಇಳಿಯಿತು, ಆದರೆ ವಡೆ ಇನ್ನೂ ಸ್ವಲ್ಪ ಚಿಕ್ಕದಾಯ್ತು. ಆಮೇಲೆ ಎದ್ದು ನಿಂತು ಹೊಡೆದೆ. ಮಸಾಲೆ ದೋಸೆ.

ವಡೆಗೂ ದೋಸೆಗೂ ಇರುವ ವ್ಯತ್ಯಾಸ ಇದೆಯಲ್ಲ, ಅದು ನಾನು.

ಒಪ್ಪಿಕೊಳ್ಳೋಕೆ ಮನಸ್ಸಿರಲಿಲ್ಲ. ಅಣ್ಣ ಒಂದು ಪರೀಕ್ಷೆ ಇಟ್ಟರು. ನನಗೆ ಹೇಳದೆ, ಕೆಲವು ಸಲ ಗ್ಯಾಸ್ ತುಂಬಿದ ಮ್ಯಾಗಜೀನ್, ಕೆಲವು ಸಲ ಗ್ಯಾಸ್ ಇಲ್ಲದ್ದು ಹಾಕಿ ಕೊಡೋದು. ಗ್ಯಾಸ್ ಇಲ್ಲದಾಗ ಟ್ರಿಗರ್ ಒತ್ತಿದರೆ ಬರೀ ‘ಟಕ್’, ಒದೆತ ಇಲ್ಲ. ಒದೆತ ಇಲ್ಲದಿದ್ದರೂ ನನ್ನ ಪಿಸ್ತೂಲಿನ ಮೂತಿ ಪ್ರತಿ ಸಲ ಕೆಳಗೆ ಬಾಗಿತು. ಬರಲಿರುವ ಏಟಿಗೆ ಮಣಿಕಟ್ಟು ಮೊದಲೇ ಹೆದರಿ ಅದುಮುತ್ತಿತ್ತು. ಗುಂಡೆಲ್ಲ ಕಾಗದದ ಕೆಳಗಿನ ಅರ್ಧಕ್ಕೇ ಬಿದ್ದದ್ದು ಇದಕ್ಕೆ. ಅಣ್ಣ ವಿಡಿಯೊ ಮಾಡಿ ಇಟ್ಟಿದ್ದಾರೆ. ಈಗಲೂ ಜಗಳ ಬಂದಾಗ ಅದನ್ನೇ ಕಳಿಸ್ತಾರೆ.

ಜಪಾನಿನ ತತ್ಸುಯಾ ಸಕಾಯಿ 2004ರಲ್ಲಿ ಅಮೆರಿಕಕ್ಕೆ ಹೋಗಿ ನಿಜವಾದ ಪಿಸ್ತೂಲಿನ ‘ಸ್ಟೀಲ್ ಚಾಲೆಂಜ್’ ಗೆದ್ದು ಬಂದವರು. ಊರಲ್ಲಿ ಅವರ ಅಭ್ಯಾಸ ಬಹುಪಾಲು ಏರ್‌ಸಾಫ್ಟ್‌ನಲ್ಲೇ ನಡೆದದ್ದು. ಇದು ಗೊತ್ತಾದ ಮೇಲೆ ‘ಆಟಿಕೆಯಲ್ಲಿ ಏನು ಗುರಿ’ ಅನ್ನೋ ನನ್ನ ಕೊನೆಯ ನೆಪವೂ ಹೋಯ್ತು.

ಪಿಸ್ತೂಲಿನ ಪಾಲಿನ ತಪ್ಪು ಒಂದಿದೆ, ಅದು ಚಳಿ. ಇಲ್ಲಿ ಬಳಸುವ 134ಎ ಗ್ಯಾಸ್ ಕಾರಿನ ಎಸಿಗೂ ಹಾಕುತ್ತಿದ್ದದ್ದೇ. ಅದರ ಆವಿಯ ಒತ್ತಡ 30 ಡಿಗ್ರಿಯಲ್ಲಿ 7.7 ಬಾರ್, 20 ಡಿಗ್ರಿಯಲ್ಲಿ 5.7, 5 ಡಿಗ್ರಿಯಲ್ಲಿ ಬರೀ 3.5. ಫೆಬ್ರವರಿಯಲ್ಲಿ ಚಿಬಾ ಕಡೆಯ ಬಯಲು ಮೈದಾನಕ್ಕೆ ಹೋದಾಗ ಸ್ಲೈಡ್ ಎಮ್ಮೆ ಎದ್ದ ಹಾಗೆ ಹಿಂದೆ ಹೋಗುತ್ತಿತ್ತು. ಜೊತೆಗೆ, ಡಿಯೋಡರೆಂಟ್ ಒಂದೇ ಸಮ ಹೊಡೆದರೆ ಡಬ್ಬ ತಣ್ಣಗಾಗುತ್ತಲ್ಲ, ಹಾಗೇ ಬೇಗ ಬೇಗ ಹೊಡೆದರೆ ಮ್ಯಾಗಜೀನ್ ತನ್ನಷ್ಟಕ್ಕೆ ತಣ್ಣಗಾಗಿ ಕೊನೆಯ ಗುಂಡುಗಳು ಕೆಳಗೆ ಬೀಳುತ್ತವೆ. ಅಲ್ಲಿ ಎಲ್ಲರೂ ಮ್ಯಾಗಜೀನನ್ನು ಜಾಕೆಟ್ ಒಳಗೆ ಮರಿಯ ಹಾಗೆ ಬೆಚ್ಚಗೆ ಇಟ್ಟುಕೊಂಡಿರ್ತಾರೆ.

ಈಗ ಹೇಳಬೇಕಾದ ಮುಖ್ಯ ವಿಷಯ. ಇದನ್ನು ಬರೆಯೋದೋ ಬೇಡವೋ ಅಂತ ಎರಡು ದಿನ ಯೋಚಿಸಿದೆ.

ಕಾಲೇಜಿನಲ್ಲಿ ಎನ್‌ಸಿಸಿಯಲ್ಲಿದ್ದೆ. .22 ರೈಫಲ್‌ನ ಬೋಲ್ಟ್ ಎಳೆದರೆ ಒಳಗಿದ್ದ ಗುಂಡು ಹೊರಗೆ ಬೀಳುತ್ತೆ, ಬೀಳದಿದ್ದರೆ ಖಾಲಿ. ಅದು ತಲೆಯಲ್ಲಿ ಕೂತುಬಿಟ್ಟಿದೆ. ಒಂದು ಭಾನುವಾರ ಅಣ್ಣನ ಮನೆಯಲ್ಲಿ ಕೂತು, ಮ್ಯಾಗಜೀನ್ ತೆಗೆದು, ಸ್ಲೈಡ್ ಎರಡು ಸಲ ಎಳೆದೆ. ಏನೂ ಬೀಳಲಿಲ್ಲ. “ಖಾಲಿ” ಅಂದೆ. ಗುಂಡಿಲ್ಲದ, ಆದರೆ ಗ್ಯಾಸ್ ಇದ್ದ ಇನ್ನೊಂದು ಮ್ಯಾಗಜೀನ್ ಹಾಕಿ, ಟ್ರಿಗರ್ ಎಷ್ಟು ಹಗುರ ನೋಡಿ ಅಂತ ಒತ್ತಿದೆ. ಎದುರಿಗಿದ್ದ ಫ್ರಿಜ್‌ಗೆ ‘ಟಪ್’ ಅಂತ ಬಡಿದು ಬಿಳಿ ಗುಂಡು ಅಡುಗೆಮನೆಯೊಳಗೆ ಉರುಳಿತು. ಹತ್ತು ಸೆಕೆಂಡ್ ಹಿಂದೆ ಅಣ್ಣನ ಆರು ವರ್ಷದ ಮಗಳು ಆ ಫ್ರಿಜ್ ತೆಗೆದು ಜ್ಯೂಸ್ ತಗೊಂಡು ಹೋಗಿದ್ದಳು.

ಅಣ್ಣ ಬೈಯಲಿಲ್ಲ. “ಖಾಲಿ ಐತಿ ಅಂದಿದ್ದಿ ಅಲ್ಲಪಾ?” ಅಂತ ಮೆಲ್ಲಗೆ ಕೇಳಿದರು. ವೈನಿ ಅಡುಗೆಮನೆಯಿಂದ ಬಂದು ಆ ಗುಂಡನ್ನು ಎತ್ತಿ ಮೇಜಿನ ಮೇಲಿಟ್ಟು ಒಳಗೆ ಹೋದರು. ಮಾತಿಲ್ಲ. ಅವತ್ತು ಊಟ ಗಂಟಲಲ್ಲಿ ಇಳಿಯಲಿಲ್ಲ.

ಆಗಿದ್ದೇನು ಅಂತ ಆಮೇಲೆ ಬಿಚ್ಚಿ ನೋಡಿದಾಗ ಗೊತ್ತಾಯ್ತು. ನಿಜವಾದ ಪಿಸ್ತೂಲಿನ ಸ್ಲೈಡಿನಲ್ಲಿ ತೋಟಾವನ್ನು ಹಿಡಿದೆಳೆಯುವ ಕೊಕ್ಕೆ ಇರುತ್ತೆ. ಇದರಲ್ಲಿ ಅಂಥದ್ದು ಕೆಲಸ ಮಾಡಲ್ಲ. ಗುಂಡು ಹಾಪ್-ಅಪ್ ರಬ್ಬರಿಗೆ ಕಚ್ಚಿಕೊಂಡು ಕೂತಿರುತ್ತೆ, ಸ್ಲೈಡ್ ನೂರು ಸಲ ಎಳೆದರೂ ಬರಲ್ಲ. ಮ್ಯಾಗಜೀನ್ ತೆಗೆದಾಗ ಗ್ಯಾಸ್ ಇಲ್ಲದ ಕಾರಣ ಟ್ರಿಗರ್ ಒತ್ತಿದರೂ ಏನೂ ಆಗಲ್ಲ, ‘ಖಾಲಿ’ ಅನ್ನೋ ಭ್ರಮೆ ಇನ್ನೂ ಗಟ್ಟಿಯಾಗುತ್ತೆ. ಈ ರಬ್ಬರೇ ಅವತ್ತು ಗುಂಡನ್ನು ನನ್ನಿಂದ ಮುಚ್ಚಿಟ್ಟಿತ್ತು.

ಈಗ ನಾನು ಮಾಡೋದು ಹೀಗೆ. ರೇಂಜ್‌ನಲ್ಲೇ, ಕನ್ನಡಕ ತೆಗೆಯೋ ಮೊದಲೇ, ಗುಂಡಿಲ್ಲದ ಮ್ಯಾಗಜೀನ್ ಹಾಕಿ ಟಾರ್ಗೆಟ್ ಕಡೆಗೆ ಎರಡು ಸಲ ಒತ್ತುತ್ತೀನಿ. ಆಮೇಲೆ ಮ್ಯಾಗಜೀನ್ ತೆಗೆದು, ನಳಿಗೆಯ ಬಾಯಿಂದ ಕಡ್ಡಿ ಹಾಕಿ ಬುಡದವರೆಗೆ ತಳ್ಳುತ್ತೀನಿ. ಪಿಸ್ತೂಲು ಒಂದು ಪೆಟ್ಟಿಗೆ, ಮ್ಯಾಗಜೀನ್ ಇನ್ನೊಂದು ಪೆಟ್ಟಿಗೆ, ಎರಡಕ್ಕೂ ಬೀಗ. ಮನೆಯಲ್ಲಿ ಯಾರು ಕೇಳಿದರೂ ತೋರಿಸಲ್ಲ.

ಕಳೆದ ಅಂಕಣಕ್ಕೆ ಬಂದ ಮೆಸೇಜ್‌ಗಳಲ್ಲಿ ಇಬ್ಬರು ‘ವಾಪಸ್ ಬರುವಾಗ ನಮಗೂ ಒಂದು ತನ್ನಿ’ ಅಂತ ಕೇಳಿದ್ದಿರಿ. ತರಲ್ಲ, ದಯವಿಟ್ಟು ಬೇಜಾರು ಮಾಡ್ಕೋಬೇಡಿ. ನಾಲ್ಕು ಅಡಿ ದೂರದಿಂದ ನೋಡಿದರೆ ನನಗೇ ನಿಜವಾದದ್ದು ಅನ್ನಿಸುತ್ತೆ. ಜಯನಗರದ ರಸ್ತೆಯಲ್ಲಿ ಅದನ್ನು ಯಾರಾದರೂ ಕೈಯಲ್ಲಿ ಹಿಡಿದರೆ ಎದುರಿಗಿರುವವರು ರಬ್ಬರ್, ಜೂಲ್ ಅಂತೆಲ್ಲ ಲೆಕ್ಕ ಹಾಕುತ್ತ ನಿಲ್ಲಲ್ಲ. ನಾನು ಹೊರಡುವ ದಿನ ಇದು ಅಣ್ಣನಿಗೆ ಹೋಗುತ್ತೆ, ವೈನಿ ಒಪ್ಪಿದರೆ.

ಅಂದ ಹಾಗೆ, ನಿಂತು ಹೊಡೆದ ನನ್ನ ದೋಸೆ ಈಗ ಸೆಟ್ ದೋಸೆಯಷ್ಟಾಗಿದೆ.